ಗುದ್ದಿ ಹಣ್ಣು ಮಾಡಿದ ಡಿಫೆನ್ಸ್‌ಮನ್

ಪ್ರಶ್ನೆ: ನಾವಿರುವುದು ಮಿಷಿಗನ್‌ನ ನೋವೈನಲ್ಲಿ, ಊರು ಹಾಸನದ ಕಡೆ. ಹನ್ನೆರಡು ವರ್ಷದ ಮಗನ ದೆಸೆಯಿಂದ ನನಗೂ ಐಸ್ ಹಾಕಿಯ ಹುಚ್ಚು ಹಿಡಿದಿದೆ. ನಮ್ಮ ತಂಡ ಡೆಟ್ರಾಯಿಟ್ ರೆಡ್ ವಿಂಗ್ಸ್. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2021ರಲ್ಲಿ, ಆರನೆಯವನಾಗಿ ಆರಿಸಿಕೊಂಡ ಸ್ವೀಡನ್ನಿನ ಸೈಮನ್ ಎಡ್ವಿನ್ಸನ್‌ನನ್ನು ತಂಡ ಹೆಚ್ಚುಕಡಿಮೆ ಎರಡು ಋತು ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಕೆಳಹಂತದ ತಂಡದಲ್ಲೇ ಆಡಿಸಿತು. ಬೇರೆ ಕೆಲವು ತಂಡಗಳು ಹದಿನೆಂಟು ತುಂಬಿದವರನ್ನೇ ಕಣಕ್ಕಿಳಿಸಿವೆ. ಗೋಲಿನ ಕಾವಲಿಗೆ ಹಿಂದೆ ನಿಲ್ಲುವ ಡಿಫೆನ್ಸ್‌ಮನ್‌ಗಳನ್ನು ಮಾತ್ರ ಏಕೆ ಇಷ್ಟು ಕಾಯಿಸುತ್ತಾರೆ? ‘ದ್ರಾವಿಡ್ ಐದು ವರ್ಷ ರಣಜಿ ಆಡಿಯೇ ಲಾರ್ಡ್ಸ್‌ಗೆ ಹೋದದ್ದು’ ಎಂದು ಮಗನಿಗೆ ಹೇಳುತ್ತಿರುತ್ತೇನೆ. ಹೋಲಿಕೆ ಸರಿಯೇ? ಇನ್ನೊಂದು ಮಾತು: ಅವನೂ ಡಿಫೆನ್ಸ್ ಆಡುತ್ತಾನೆ. ‘ಪಕ್ (ಆಟದ ರಬ್ಬರ್ ಬಿಲ್ಲೆ) ಸಿಕ್ಕ ಕೂಡಲೇ ಅಂಗಳದ ಸುತ್ತಲಿನ ಗಾಜಿಗೆ ಹೊಡೆದು ನಮ್ಮ ವಲಯದಿಂದ ಹೊರಗೆ ಹಾಕು’ ಎನ್ನುವುದು ಅವನ ಕೋಚ್ ಕಲಿಸುವ ಪಾಠ. ಒಮ್ಮೆ ತಪ್ಪಿದರೆ ಬೆಂಚಿನ ಮೇಲೆ ಕೂರಿಸುತ್ತಾರೆ. ಇದು ಸರಿಯೇ?

ಉತ್ತರ: ಹೋಲಿಕೆ ಅರ್ಧ ಸರಿ. ಉಳಿದರ್ಧದಲ್ಲಿ ನಿಮ್ಮ ಪ್ರಶ್ನೆಯ ಉತ್ತರವಿದೆ, ಆದ್ದರಿಂದ ಅಲ್ಲಿಂದಲೇ ಹೊರಡುತ್ತೇನೆ.

ದ್ರಾವಿಡ್ ರಣಜಿಯಲ್ಲಿ ಮಾಡಿದ್ದು ಬ್ಯಾಟಿಂಗ್, 1996ರಲ್ಲಿ ಲಾರ್ಡ್ಸ್‌ನಲ್ಲಿ 95 ಹೊಡೆದಾಗ ಮಾಡಿದ್ದೂ ಬ್ಯಾಟಿಂಗ್. ರನ್ನಿನ ಲೆಕ್ಕ ನೋಡಿ ಹುಡುಗ ಮಾಗಿದನೋ ಇಲ್ಲವೋ ಎಂದು ಒಂದು ಮಟ್ಟಿಗೆ ಹೇಳಬಹುದು. ಡಿಫೆನ್ಸ್‌ಮನ್‌ಗೆ ಅಂಥ ಲೆಕ್ಕವಿಲ್ಲ. ಅವನು ಚೆನ್ನಾಗಿ ಆಡಿದ ರಾತ್ರಿ ಅವನ ಮೂಲೆಯಲ್ಲಿ ಏನೂ ನಡೆದಿರುವುದಿಲ್ಲ, ಪತ್ರಿಕೆಯಲ್ಲಿ ಹೆಸರೂ ಬಂದಿರುವುದಿಲ್ಲ. ಫಾರ್ವರ್ಡ್ ಪಕ್ ಕಳೆದುಕೊಂಡರೆ ಅವನ ಹಿಂದೆ ಇನ್ನೂ ಮೂರು ಜನ ಇರುತ್ತಾರೆ. ಡಿಫೆನ್ಸ್‌ಮನ್ ಕಳೆದುಕೊಂಡರೆ ಹಿಂದೆ ಗೋಲಿ, ಅಂದರೆ ಗೋಲ್‌ಕೀಪರ್, ಒಬ್ಬನೇ. ಇಪ್ಪತ್ತರ ಹುಡುಗ ಕಲಿಯಬೇಕಾದ ಪಾಠವೆಲ್ಲ ತಪ್ಪು ಮಾಡಿಯೇ ಬರುವಂಥದ್ದು. ಆದರೆ ಅವನು ನಿಂತಿರುವ ಜಾಗದಲ್ಲಿ ತಪ್ಪಿಗೆ ಬೆಲೆ ಅತಿ ಹೆಚ್ಚು. ಎಳೆಯ ಡಿಫೆನ್ಸ್‌ಮನ್‌ನ ಇಡೀ ಪೇಚಾಟ ಇಷ್ಟೇ.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಎದುರಾಳಿ ಮಧ್ಯದ ಕೆಂಪು ಗೆರೆ ದಾಟಿದವನೇ ಪಕ್ ಅನ್ನು ನಮ್ಮ ಮೂಲೆಗೆ ತಳ್ಳುತ್ತಾನೆ. ನಮ್ಮ ಹುಡುಗ ಹಿಮ್ಮುಖವಾಗಿ ಜಾರುತ್ತಿದ್ದವನು ತಿರುಗಿ ಅದರ ಹಿಂದೆ ಓಡಬೇಕು. ಓಡುವಾಗ ಅವನ ಬೆನ್ನು ಇಡೀ ಆಟದ ಕಡೆಗಿರುತ್ತದೆ. ಮುಂದೆ ಬೋರ್ಡು, ಹಿಂದೆ ನೂರು ಕಿಲೋ ತೂಕದವನೊಬ್ಬ ಪೂರ್ತಿ ವೇಗದಲ್ಲಿ ಬರುತ್ತಿರುತ್ತಾನೆ. ಪಕ್ ಕೋಲಿಗೆ ಸಿಕ್ಕುವ ಮೊದಲೇ ಹುಡುಗ ಹೆಗಲ ಮೇಲಿಂದ ಹಿಂದಕ್ಕೆ ನೋಡಬೇಕು, ಸಾಧ್ಯವಾದರೆ ಎರಡು ಸಲ. ಮೊದಲನೆಯದು ಬರುತ್ತಿರುವವನು ಯಾವ ಹೆಗಲ ಕಡೆಯಿಂದ ಬರುತ್ತಿದ್ದಾನೆ ಎಂದು ತಿಳಿಯಲು, ಎರಡನೆಯದು ನಮ್ಮವರು ಎಲ್ಲಿದ್ದಾರೆ ಎಂದು ತಿಳಿಯಲು. ಡಿಫೆನ್ಸ್‌ಮನ್‌ಗಳು ಆಡುವುದು ಜೋಡಿಯಾಗಿ; ಇದೇ ಹೊತ್ತಿಗೆ ಜೊತೆಗಾರ ಕೂಗುತ್ತಾನೆ. ‘ವೀಲ್’ ಎಂದರೆ ಬಲೆಯ ಹಿಂದಿನಿಂದ ಸುತ್ತಿಕೊಂಡು ನೀನೇ ಒಯ್ಯಿ. ‘ರಿವರ್ಸ್’ ಎಂದರೆ ಬಂದ ದಿಕ್ಕಿಗೇ ಪಕ್ ಬಿಟ್ಟುಬಿಡು, ನಾನು ಹಿಡಿಯುತ್ತೇನೆ. ‘ಓವರ್’ ಎಂದರೆ ಬಲೆಯ ಆಚೆ ಬದಿಗೆ ಕೊಡು. ‘ಅಪ್’ ಎಂದರೆ ಬೋರ್ಡಿನುದ್ದಕ್ಕೆ ಮೇಲಕ್ಕೆ ಹಾಕು. ಚೆಂಡು ತನ್ನ ಬೆನ್ನ ಹಿಂದೆ ಹೋದಾಗ ಬ್ಯಾಟ್ಸ್‌ಮನ್ ನಾನ್‌ಸ್ಟ್ರೈಕರ್‌ನ ಕೂಗನ್ನು ನಂಬಿ ಓಡುವುದಿಲ್ಲವೇ, ಹಾಗೆಯೇ ಇದು. ವ್ಯತ್ಯಾಸವೆಂದರೆ ಇಲ್ಲಿ ನಂಬಿ ಕೆಟ್ಟರೆ ರನ್ ಔಟ್ ಆಗುವುದಿಲ್ಲ, ಗಾಜಿಗೆ ಮುಖ ಅಪ್ಪಳಿಸುತ್ತದೆ. ಎಲ್ಲ ಸೇರಿ ಎರಡು ಸೆಕೆಂಡು ಸಿಕ್ಕರೆ ಪುಣ್ಯ.

ಈ ಕೆಲಸ ಮೊದಲು ಇಷ್ಟು ಕಷ್ಟವಿರಲಿಲ್ಲ. ಜೊತೆಗಾರ ಬರುತ್ತಿರುವವನ ದಾರಿಗೆ ಅಡ್ಡ ನಿಂತೋ ತೋಳು ಹಿಡಿದೋ ಒಂದು ಕ್ಷಣ ಗಿಟ್ಟಿಸಿಕೊಡುತ್ತಿದ್ದ, ರೆಫರಿ ಕಂಡೂ ಕಾಣದಂತಿರುತ್ತಿದ್ದರು. 2004-05ರ ಋತು ಮಾಲೀಕರು ಬಾಗಿಲು ಹಾಕಿದ ಲಾಕೌಟ್‌ನಲ್ಲಿ ಪೂರ್ತಿ ಕೊಚ್ಚಿಹೋಗಿ 2005ರಲ್ಲಿ ಆಟ ಮತ್ತೆ ಶುರುವಾದಾಗ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಅತಿ ಮೇಲಿನ ಹಾಕಿ ಲೀಗ್) ಆ ಅಡ್ಡಗಟ್ಟುವಿಕೆಗೆಲ್ಲ ಪೆನಾಲ್ಟಿ ಊದತೊಡಗಿತು. ಅದೇ ವರ್ಷ ಬಲೆಯ ಹಿಂದೆ ಎರಡು ಓರೆ ಗೆರೆ ಎಳೆದು, ಅವುಗಳ ಆಚೆಯ ಮೂಲೆಗಳಲ್ಲಿ ಗೋಲಿ ಪಕ್ ಆಡಿಸುವಂತಿಲ್ಲ ಎಂದಿತು. ಅಲ್ಲಿಯವರೆಗೆ ಡಿಫೆನ್ಸ್‌ಮನ್‌ನ ಅರ್ಧ ಕೆಲಸವನ್ನು ಗೋಲಿಯೇ ಮುಗಿಸಿಕೊಡುತ್ತಿದ್ದ. ನೋಡುವವರಿಗೆ ಆಟ ಚೆಂದವಾಯಿತು, ಮೂಲೆಗೆ ಓಡುವವನಿಗೆ ಬೆನ್ನು ಬಯಲಾಯಿತು.

ಹಾಗಾದರೆ ಎಷ್ಟು ವರ್ಷ ಕಾಯಿಸಬೇಕು? ಇದಕ್ಕೆ ನಾನು ಯಾವಾಗಲೂ ತೋರಿಸುವುದು 2008ರ ಡ್ರಾಫ್ಟನ್ನು. ಯಾರೋ ಬೇಕೆಂದೇ ಏರ್ಪಡಿಸಿದ ಪ್ರಯೋಗದಂತಿದೆ ಅದು. ಮೊದಲನೆಯವನಾಗಿ ಫಾರ್ವರ್ಡ್ ಸ್ಟೀವನ್ ಸ್ಟ್ಯಾಮ್‌ಕೋಸ್ ಹೋದ ಮೇಲೆ ಎರಡರಿಂದ ಐದರವರೆಗೆ ಸಾಲಾಗಿ ನಾಲ್ವರು ಡಿಫೆನ್ಸ್‌ಮನ್‌ಗಳು: ಲಾಸ್ ಏಂಜಲೀಸ್‌ಗೆ ಡ್ರೂ ಡೌಟಿ, ಅಟ್ಲಾಂಟಾಗೆ ಜ್ಯಾಕ್ ಬೊಗೋಸಿಯನ್, ಸೇಂಟ್ ಲೂಯಿಸ್‌ಗೆ ಅಲೆಕ್ಸ್ ಪಿಯೆಟ್ರಾಂಜೆಲೊ, ಟೊರಾಂಟೊಗೆ ಲ್ಯೂಕ್ ಶೆನ್. ನಾಲ್ವರೂ ಕೆನಡಾದ ಹದಿಹರೆಯದವರ ಜೂನಿಯರ್ ಲೀಗ್‌ಗಳಲ್ಲಿ ಆಡಿ ಬಂದವರು. ಮೂವರನ್ನು ಆ ಅಕ್ಟೋಬರ್‌ನಲ್ಲೇ ಎನ್‌ಎಚ್‌ಎಲ್‌ಗೆ ಇಳಿಸಿದರು. ಒಬ್ಬನನ್ನು ಮಾತ್ರ ಕಾಯಿಸಿದರು.

ಕಾಯಿಸಿದ್ದು ಪಿಯೆಟ್ರಾಂಜೆಲೊನನ್ನು. ಮೊದಲ ವರ್ಷ ಎಂಟು ಪಂದ್ಯ ಆಡಿಸಿ ಜೂನಿಯರ್‌ಗೆ ಹಿಂದಕ್ಕೆ ಕಳಿಸಿದರು. ಎರಡನೆಯ ವರ್ಷ ಒಂಬತ್ತು ಪಂದ್ಯ ಆಡಿಸಿ ಮತ್ತೆ ಹಿಂದಕ್ಕೆ ಕಳಿಸಿದರು. ಎರಡೆರಡು ಸಲ ಬಾಗಿಲವರೆಗೆ ಕರೆದು ತಿರುಗಿಸಿದರೆ ಯಾವ ಹುಡುಗನಿಗೂ ಕರುಳು ಚುರುಕ್ ಎನ್ನುತ್ತದೆ. ಮೂರನೆಯ ವರ್ಷ, 2010-11ರಲ್ಲಿ, ಪೂರ್ತಿ ಸೇರಿಸಿಕೊಂಡಾಗ 79 ಪಂದ್ಯಗಳಲ್ಲಿ 43 ಅಂಕ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸು ಸೇರಿದ ಲೆಕ್ಕ) ಗಳಿಸಿದ. ಮುಂದೆ ನಾಯಕನಾಗಿ 2019ರಲ್ಲಿ ಸೇಂಟ್ ಲೂಯಿಸ್‌ಗೆ ಅದರ ಮೊದಲ ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್ ಪಟ್ಟ, ತಂದುಕೊಟ್ಟ. 2023ರಲ್ಲಿ ಲಾಸ್ ವೇಗಸ್ ತಂಡದೊಂದಿಗೆ ಇನ್ನೊಂದು ಕಪ್ ಎತ್ತಿದ.

‘ನೋಡಿ, ಕಾಯಿಸಿದ್ದೇ ಒಳ್ಳೆಯದಾಯಿತು’ ಎನ್ನುವಿರಿ. ಆದರೆ ಡೌಟಿ? ಅವನು ಹದಿನೆಂಟಕ್ಕೇ 81 ಪಂದ್ಯ ಆಡಿದ, ಇಪ್ಪತ್ತಕ್ಕೆ ವ್ಯಾಂಕೂವರ್‌ನಲ್ಲಿ ಕೆನಡಾ ಪರ ಒಲಿಂಪಿಕ್ ಚಿನ್ನ ಗೆದ್ದ. 2012 ಮತ್ತು 2014ರಲ್ಲಿ ಕಪ್, 2016ರಲ್ಲಿ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ. ಅವನನ್ನು ಕಾಯಿಸಿದ್ದರೆ ಆಗುತ್ತಿದ್ದುದು ಬರೀ ಕಾಲಹರಣ. ಶುರುವಿನ ವರ್ಷಗಳಲ್ಲಿ ಅವನ ಪಕ್ಕದಲ್ಲಿ ಆಡಿದವನು ಶಾನ್ ಓ’ಡಾನೆಲ್, ಮೂವತ್ತೈದು ದಾಟಿದ ಹಳೆಯ ಹುಲಿ. ಹುಡುಗ ಪಕ್ ಹೊತ್ತು ಮೇಲೆ ಓಡಿದಾಗ ಆತ ಹಿಂದೆ ನಿಂತಿರುತ್ತಿದ್ದ. ಡೌಟಿಯ ಪ್ರತಿಭೆಯನ್ನು ಎಲ್ಲರೂ ಹೊಗಳುತ್ತಾರೆ, ಓ’ಡಾನೆಲ್‌ನನ್ನು ನೆನೆಯುವವರು ಕಡಿಮೆ. ನನ್ನ ಮಟ್ಟಿಗೆ ಎಳೆಯ ಡಿಫೆನ್ಸ್‌ಮನ್‌ಗೆ ತಂಡ ಕೊಡಬಹುದಾದ ಅತಿ ದೊಡ್ಡ ಉಡುಗೊರೆ ಅಂಥ ಜೊತೆಗಾರ. ಲೀಗ್ ಯಾವುದು ಎಂಬ ಪ್ರಶ್ನೆ ಆಮೇಲಿನದು.

ಈಗ ಶೆನ್ ಕಡೆಗೆ ಬರೋಣ, ನನಗೆ ಮನಸ್ಸಿನ ತುಂಬ ಉಳಿದಿರುವ ಕಥೆ ಅದು. ಟೊರಾಂಟೊ ಆಗ ಸೋಲುತ್ತಿದ್ದ ತಂಡ. ಊರಿನ ತುಂಬ ಕ್ಯಾಮೆರಾ, ಪ್ರತಿ ತಪ್ಪಿಗೂ ಮರುದಿನ ಅರ್ಧ ಗಂಟೆ ರೇಡಿಯೊ ಚರ್ಚೆ. ಹದಿನೆಂಟರ ಹುಡುಗ 70 ಪಂದ್ಯ ಆಡಿದ, ರಾತ್ರಿಗೆ 21 ನಿಮಿಷಕ್ಕೂ ಹೆಚ್ಚು. ಆ ವರ್ಷದ ಹೊಸಬರ ಆಯ್ದ ತಂಡದಲ್ಲಿ ಅವನ ಹೆಸರೂ ಇತ್ತು. ಎಲ್ಲರೂ ಭಾವಿ ನಾಯಕ ಎಂದರು. ಅದಾದ ಮೇಲೆ ಬೆಳವಣಿಗೆ ನಿಂತಿತು. ದೇಹ ಬಲವಾಗಿತ್ತು, ಧೈರ್ಯವಿತ್ತು, ಆದರೆ ಪಕ್ ಕೋಲಿಗೆ ಬಂದಾಗ ಮುಂದಿನದನ್ನು ಯೋಚಿಸಲು ಅವನಿಗೆ ಪುರಸೊತ್ತೇ ಸಿಕ್ಕಿರಲಿಲ್ಲ. ಪ್ರತಿ ರಾತ್ರಿಯೂ ಬದುಕಿ ಉಳಿದರೆ ಸಾಕೆಂಬ ಆಟ. 2012ರ ಜೂನ್‌ನಲ್ಲಿ ಜೇಮ್ಸ್ ವ್ಯಾನ್ ರೀಮ್ಸ್‌ಡೈಕ್‌ಗೆ ಬದಲಾಗಿ ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟರು. ಅಲ್ಲಿಂದ ಊರೂರು ಅಲೆದು, 2018-19ರಲ್ಲಿ, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಕೆಳಹಂತದ ಎಎಚ್‌ಎಲ್‌ಗೆ ಇಳಿದ. ಹದಿನೆಂಟಕ್ಕೆ ಹಾರಿಕೊಂಡು ಬಂದ ಮೆಟ್ಟಿಲನ್ನು ಇಪ್ಪತ್ತೊಂಬತ್ತಕ್ಕೆ ಹತ್ತಿದ ಎನ್ನೋಣ. ಆಮೇಲೆ ನೋಡಿ: ಟ್ಯಾಂಪಾ ಬೇ ತಂಡದಲ್ಲಿ ಮೂರನೆಯ ಜೋಡಿಯ ಗಟ್ಟಿ ಆಳಾಗಿ 2020 ಮತ್ತು 2021ರಲ್ಲಿ ಎರಡು ಕಪ್, ಒಟ್ಟು ಸಾವಿರಕ್ಕೂ ಮೀರಿದ ಪಂದ್ಯ. 2020ರ ಆ ತಂಡದಲ್ಲಿ ಬೊಗೋಸಿಯನ್ ಕೂಡ ಇದ್ದ. ಡ್ರಾಫ್ಟ್‌ನ ಮೂರನೆಯವನೂ ಐದನೆಯವನೂ ಹನ್ನೆರಡು ವರ್ಷದ ಮೇಲೆ ಒಂದೇ ಕಪ್ ಹಿಡಿದು ಸುತ್ತುಹಾಕಿದರು, ಯಾರೂ ಎಣಿಸದ ದಾರಿಯಲ್ಲಿ.

ಕಾಯಿಯನ್ನು ಗುದ್ದಿ ಹಣ್ಣು ಮಾಡುವುದು ಎಂದರೆ ಟೊರಾಂಟೊ ಮಾಡಿದ್ದು ಅದೇ. ಆದರೆ ತಂಡದ ಕಡೆಗೂ ಒಂದು ನ್ಯಾಯವಿದೆ, ಅದನ್ನು ಹೇಳದೆ ಬೈಯುವುದು ತಪ್ಪು. ಕೆನಡಾದ ಜೂನಿಯರ್ ಲೀಗ್‌ನಿಂದ ಬಂದ ಹದಿನೆಂಟು-ಹತ್ತೊಂಬತ್ತರ ಹುಡುಗನನ್ನು ಎಎಚ್‌ಎಲ್‌ಗೆ ಕಳಿಸುವಂತಿರಲಿಲ್ಲ. ಎನ್‌ಎಚ್‌ಎಲ್‌ನಲ್ಲಿ ಇಟ್ಟುಕೊಳ್ಳಬೇಕು, ಇಲ್ಲವೇ ಜೂನಿಯರ್‌ಗೆ ಹಿಂದಿರುಗಿಸಬೇಕು. ಜೂನಿಯರ್ ಅವನಿಗೆ ಚಿಕ್ಕದಾಗಿದೆ, ಎನ್‌ಎಚ್‌ಎಲ್ ದೊಡ್ಡದು, ನಡುವಿನ ಮೆಟ್ಟಿಲಿಗೆ ಬೀಗ. ಯುರೋಪಿನಿಂದ ಬಂದವರಿಗೆ ಆ ಬೀಗವಿರಲಿಲ್ಲ.

ಅದೇ ಡ್ರಾಫ್ಟ್‌ನ ಕೆಳಗಿನ ಹೆಸರುಗಳನ್ನು ಓದಿದರೆ ಕಾಯುವವರ ಪಕ್ಷ ಬಲವಾಗುತ್ತದೆ. ಹದಿನೈದನೆಯವನು ಎರಿಕ್ ಕಾರ್ಲ್‌ಸನ್. ಒಂದು ವರ್ಷ ಸ್ವೀಡನ್ನಿನಲ್ಲೇ ಉಳಿದ, ಬಂದ ಮೇಲೂ ಸ್ವಲ್ಪ ದಿನ ಎಎಚ್‌ಎಲ್‌ನಲ್ಲಿ ಆಡಿದ, ಮುಂದೆ ಮೂರು ನಾರಿಸ್ ಗೆದ್ದ. ಮೂವತ್ತೆಂಟನೆಯವನು ರೋಮನ್ ಯೋಸಿ. ಎರಡು ವರ್ಷ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ, ಒಂದು ವರ್ಷ ಎಎಚ್‌ಎಲ್‌ನ ಮಿಲ್ವಾಕೀಯಲ್ಲಿ, ಆಮೇಲೆ ನ್ಯಾಶ್‌ವಿಲ್. 2020ರ ನಾರಿಸ್ ಅವನದು. ಹನ್ನೆರಡನೆಯವನಾದ ಟೈಲರ್ ಮಯರ್ಸ್ ಮಾತ್ರ ಯಾವ ವಾದಕ್ಕೂ ಒಗ್ಗುವುದಿಲ್ಲ. ಒಂದು ವರ್ಷ ಜೂನಿಯರ್‌ನಲ್ಲಿ ಕಾದ, ಬಂದ ಮೊದಲ ವರ್ಷವೇ 48 ಅಂಕ ಗಳಿಸಿ ಶ್ರೇಷ್ಠ ಹೊಸಬನಿಗೆ ಸಲ್ಲುವ ಕಾಲ್ಡರ್ ಟ್ರೋಫಿ ಗೆದ್ದ. ಆ 48ನ್ನು ಮತ್ತೆಂದೂ ಮುಟ್ಟಲಿಲ್ಲ.

ನಿಮ್ಮ ಡೆಟ್ರಾಯಿಟ್‌ಗೆ ಬರೋಣ. ಕಾಯಿಸುವುದು ಆ ಮನೆತನದ ಹಳೆಯ ಚಾಳಿ. ಕೆನ್ ಹಾಲಂಡ್ ಮುಖ್ಯಸ್ಥರಾಗಿದ್ದ ಕಾಲದಿಂದಲೂ ಹುಡುಗರು ಮಾಗುವುದಷ್ಟೇ ಸಾಲದು, ಮಾಗಿ ಮಿಗಬೇಕು ಎಂಬುದು ಅಲ್ಲಿನ ಮಾತು. 2019ರಿಂದ ಸ್ಟೀವ್ ಐಝರ್‌ಮನ್ ಅದನ್ನು ತಮ್ಮದೇ ರೀತಿಯಲ್ಲಿ ನಡೆಸುತ್ತಿದ್ದಾರೆ. ಅವರು ಬಂದ ವರ್ಷವೇ ಆರಿಸಿಕೊಂಡ ಜರ್ಮನಿಯ ಮೊರಿಟ್ಜ್ ಸೈಡರ್‌ನನ್ನು ಹದಿನೆಂಟಕ್ಕೆ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ಹಾಕಿದರು. ಮರುವರ್ಷ ಕೋವಿಡ್ ಗದ್ದಲದಲ್ಲಿ ಸ್ವೀಡನ್ನಿನ ರೋಗ್ಲೆ ತಂಡಕ್ಕೆ ಎರವಲು ಕೊಟ್ಟರು. ಅಲ್ಲಿ ಅವನು ಆ ಲೀಗ್‌ನ ಶ್ರೇಷ್ಠ ಡಿಫೆನ್ಸ್‌ಮನ್ ಎನಿಸಿಕೊಂಡ. 2021-22ರಲ್ಲಿ ಡೆಟ್ರಾಯಿಟ್‌ಗೆ ಬಂದು 82 ಪಂದ್ಯ, 50 ಅಂಕ, ಕಾಲ್ಡರ್ ಟ್ರೋಫಿ.

ಎಡ್ವಿನ್ಸನ್‌ನದು ಸ್ವಲ್ಪ ಬೇರೆ ಪ್ರಕರಣ. ಆರಡಿ ಆರಂಗುಲದ ಆಳು, ಚಿಕ್ಕಂದಿನಿಂದಲೂ ಯಾರಿಗೂ ಸಿಗದಂತೆ ಪಕ್ ಒಯ್ದು ರೂಢಿ. ಸ್ವೀಡನ್ನಿನ ಆಟದಂಗಳ, ಅಂದರೆ ರಿಂಕ್, ಮೂವತ್ತು ಮೀಟರ್ ಅಗಲವಿದ್ದರೆ ಇಲ್ಲಿಯದು ಇಪ್ಪತ್ತಾರು. ಒಂದೊಂದು ಪಕ್ಕದಲ್ಲೂ ಎರಡು ಮೀಟರ್ ಕಡಿಮೆ. ಹೇಳಲು ಸಣ್ಣ ಸಂಖ್ಯೆ, ಆದರೆ ಅಲ್ಲಿ ಸುತ್ತು ಹಾಕಿ ತಪ್ಪಿಸಿಕೊಳ್ಳುತ್ತಿದ್ದ ಜಾಗದಲ್ಲಿ ಇಲ್ಲಿ ಗೋಡೆಯಿದೆ. ಕೈಕಾಲು ಉದ್ದವಿರುವವನಿಗೆ ಎಂದೂ ಬಾರದ ಪಾಠವೆಂದರೆ ಬೇಗ ಬಿಡುವುದು, ಒದ್ದಾಡದೆ ಜೊತೆಗಾರನಿಗೆ ಕೊಟ್ಟು ಸುಮ್ಮನಾಗುವುದು. ಅದನ್ನು ಕಲಿಯಲು ಎಎಚ್‌ಎಲ್ ಹೇಳಿ ಮಾಡಿಸಿದ ಜಾಗ. ಅಲ್ಲಿ ಪಂದ್ಯಗಳು ಬಹುತೇಕ ವಾರಾಂತ್ಯಕ್ಕೆ ಬೀಳುತ್ತವೆ, ನಡುವಾರ ಅಭ್ಯಾಸಕ್ಕೆ ಸಿಗುತ್ತದೆ. ಎನ್‌ಎಚ್‌ಎಲ್‌ನ ಎಂಬತ್ತಕ್ಕೂ ಮೀರಿದ ಪಂದ್ಯಗಳ ಓಟದಲ್ಲಿ ಪೂರ್ತಿ ಅಭ್ಯಾಸದ ದಿನ ಸಿಗುವುದೇ ಅಪರೂಪ. ಮೇಲಿನ ತಂಡದಲ್ಲಿ ಮೂರನೆಯ ಜೋಡಿಯಲ್ಲಿ ಹದಿಮೂರು ನಿಮಿಷ ಆಡಿ, ಪವರ್ ಪ್ಲೇ (ಪೆನಾಲ್ಟಿಯಿಂದ ಎದುರಾಳಿಯಲ್ಲಿ ಒಬ್ಬ ಕಡಿಮೆಯಿರುವ ಹೊತ್ತು) ಬಂದಾಗ ಬೆಂಚಿನಲ್ಲಿ ಕೂರುವವನು, ಕೆಳಗೆ ಇಪ್ಪತ್ತು ನಿಮಿಷ ದಾಟಿ ಆಡುತ್ತಾನೆ. ಪವರ್ ಪ್ಲೇ ಅವನದೇ, ಒಬ್ಬ ಕಡಿಮೆಯಿದ್ದಾಗ ತಡೆಯುವ ಕೆಲಸವೂ ಅವನದೇ. ನಾನು ಮೇಲೆ ಹೇಳಿದ ಮೂಲೆಯ ಸನ್ನಿವೇಶ ಅವನಿಗೆ ರಾತ್ರಿಗೆ ಹತ್ತಾರು ಸಲ ಬರುತ್ತದೆ, ಅರ್ಧ ಹೆಜ್ಜೆ ನಿಧಾನವಾಗಿ. ಆ ಅರ್ಧ ಹೆಜ್ಜೆಯಲ್ಲಿ ಕಲಿಕೆಯಿದೆ.

ದುಡ್ಡಿನ ಲೆಕ್ಕವೂ ಇದೆ, ಅಭಿಮಾನಿಗಳು ಇದನ್ನು ಮರೆಯುತ್ತಾರೆ. ಹದಿನೆಂಟು-ಹತ್ತೊಂಬತ್ತರ ಆಟಗಾರ ಋತುವಿನಲ್ಲಿ ಹತ್ತು ಎನ್‌ಎಚ್‌ಎಲ್ ಪಂದ್ಯ ಮುಟ್ಟದಿದ್ದರೆ ಅವನ ಮೂರು ವರ್ಷದ ಮೊದಲ ಒಪ್ಪಂದ ಶುರುವೇ ಆಗುವುದಿಲ್ಲ, ಒಂದು ವರ್ಷ ಮುಂದಕ್ಕೆ ಜಾರುತ್ತದೆ. ಎಡ್ವಿನ್ಸನ್ 2022-23ರಲ್ಲಿ ಡೆಟ್ರಾಯಿಟ್ ಪರ ಆಡಿದ್ದು ಒಂಬತ್ತು ಪಂದ್ಯ. ಪಿಯೆಟ್ರಾಂಜೆಲೊನ ಎಂಟು, ಒಂಬತ್ತು ನೆನಪಿದೆಯಲ್ಲ? ಒಂಬತ್ತಕ್ಕೇ ನಿಂತದ್ದು ಆಕಸ್ಮಿಕವೆಂದು ನಾನು ನಂಬುವುದಿಲ್ಲ. ಮರುವರ್ಷದ ಹದಿನಾರು ಪಂದ್ಯದ ಬಗ್ಗೆ ನನಗೂ ನಿಮ್ಮಷ್ಟೇ ಅಸಮಾಧಾನವಿದೆ. ಆ ಋತುವಿನ ಎರಡನೆಯ ಅರ್ಧಕ್ಕೆ ಹುಡುಗ ಮಾಗಿಯಾಗಿತ್ತು, ಮೇಲಿನ ಜಾಗ ಹಳಬರಿಂದ ತುಂಬಿತ್ತು ಎಂಬುದಷ್ಟೇ ಕಾರಣ. ಕಾಯಿಸುವುದು ಒಂದು ಹಂತದ ಮೇಲೆ ಸೋಮಾರಿತನವೂ ಆಗುತ್ತದೆ. ಏನೇ ಇರಲಿ, 2024-25ರಲ್ಲಿ 78 ಪಂದ್ಯ ಆಡಿ 31 ಅಂಕ ಗಳಿಸಿದ. ಬಹುಪಾಲು ಆಡಿದ್ದು ಸೈಡರ್ ಪಕ್ಕದಲ್ಲಿ, ಅಂದರೆ ಎದುರಾಳಿಯ ಅತ್ಯುತ್ತಮ ಫಾರ್ವರ್ಡ್‌ಗಳ ಸಾಲಿನ ಎದುರು. ಅದರ ಮುಂದಿನ ಅಕ್ಟೋಬರ್‌ನಲ್ಲಿ ಇದೇ ತಂಡ ಇಪ್ಪತ್ತರ ಆಕ್ಸೆಲ್ ಸಾಂಡಿನ್ ಪೆಲಿಕ್ಕಾನನ್ನು ಮೊದಲ ಪಂದ್ಯಕ್ಕೇ ಇಳಿಸಿತು. ಅವನು ಆಗಲೇ ಸ್ವೀಡನ್ನಿನ ಮೇಲಿನ ಲೀಗ್‌ನಲ್ಲಿ ಬೆಳೆದ ಗಂಡಸರ ಜೊತೆ ಆಡಿ ಪಳಗಿದ್ದ.

ಮೇಲಕ್ಕೆ ಕರೆದ ಮೇಲೂ ಕೋಚ್ ಹುಡುಗನನ್ನು ಮರೆಯಲ್ಲಿಡಬಹುದು. ಆಟ ನಿಂತಾಗ ಕೊನೆಯದಾಗಿ ಆಟಗಾರರನ್ನು ಬದಲಿಸುವ ಹಕ್ಕು ತವರು ತಂಡದ್ದು. ಆದ್ದರಿಂದ ಮನೆಯಂಗಳದಲ್ಲಿ ಎದುರಾಳಿಯ ಮೂರನೆಯ ನಾಲ್ಕನೆಯ ಸಾಲು ಬಂದಾಗಲೇ ಎಳೆಯ ಜೋಡಿಯನ್ನು ಬಿಡಬಹುದು, ಹೊರಗೂರಿನಲ್ಲಿ ಆ ಅನುಕೂಲವಿಲ್ಲ. ಒಂದೇ ಹುಡುಗ ಮನೆಯಲ್ಲಿ ಸಿಂಹದಂತೆ, ಹೊರಗೆ ಕುರಿಯಂತೆ ಕಂಡರೆ ಅವನ ಧೈರ್ಯವನ್ನು ಶಂಕಿಸುವ ಮೊದಲು ಯಾರ ಎದುರು ಆಡಿದ ಎಂದು ನೋಡಿ.

ಇನ್ನು ಬೆಂಚು. ನಾನು ಆಂಟೇರಿಯೊದಲ್ಲಿ ಹಲವು ವರ್ಷ ಮಕ್ಕಳ ತಂಡಗಳಲ್ಲಿ ಡಿಫೆನ್ಸ್ ಕಲಿಸಿದವನು. ನನ್ನದೇ ಒಂದು ತಪ್ಪು ಹೇಳುತ್ತೇನೆ. ಹದಿಮೂರರ ಹುಡುಗನೊಬ್ಬ ನಮ್ಮ ನೀಲಿ ಗೆರೆಯ ಬಳಿ ಪಕ್ ಕಳೆದುಕೊಳ್ಳುತ್ತಿದ್ದ. ನನಗೂ ಗೆಲ್ಲುವ ಚಪಲ. ಒಂದು ಋತುವಿಡೀ ‘ಗಾಜಿಗೆ ಹೊಡಿ, ಹೊರಗೆ ಹಾಕು’ ಎಂದೆ, ತಪ್ಪಿದಾಗ ಕೂರಿಸಿದೆ. ಮಾರ್ಚ್ ಹೊತ್ತಿಗೆ ಅವನು ತಪ್ಪು ಮಾಡುವುದನ್ನು ಪೂರ್ತಿ ನಿಲ್ಲಿಸಿದ. ಹಿಂದಕ್ಕೆ ನೋಡುವುದನ್ನೂ ನಿಲ್ಲಿಸಿದ, ಏಕೆಂದರೆ ಹೇಗೂ ಗಾಜಿಗೇ ಹೊಡೆಯುವುದಾದರೆ ಯಾರು ಎಲ್ಲಿದ್ದಾರೆಂದು ನೋಡಿ ಏನು ಉಪಯೋಗ? ಮುಂದಿನ ವಯಸ್ಸಿನ ತಂಡದಲ್ಲಿ ಅವನಿಗೆ ಜಾಗ ಸಿಗಲಿಲ್ಲ. ಅಲ್ಲಿನ ಕೋಚ್ ಹೇಳಿದ ಕಾರಣ: ಹುಡುಗನಿಗೆ ಪಕ್ ಕೊಡಲು ಬರುವುದಿಲ್ಲ.

ಗಾಜಿಗೆ ಹೊಡೆಯುವುದು ತಪ್ಪಲ್ಲ. ಪಂದ್ಯ ಮುಗಿಯಲು ಒಂದು ನಿಮಿಷವಿದ್ದು ಒಂದು ಗೋಲಿನ ಮುನ್ನಡೆಯಿದ್ದರೆ ನಾರಿಸ್ ಗೆದ್ದವನೂ ಅದನ್ನೇ ಮಾಡುತ್ತಾನೆ. ಆದರೆ ಅದು ನೋಡಿದ ಮೇಲೆ ಆರಿಸಿಕೊಂಡ ದಾರಿಯಾಗಿರಬೇಕು. ಬೆಂಚಿನ ವಿಷಯದಲ್ಲಿಯೂ ಹೀಗೆಯೇ. ನೋಡಿ, ಯೋಚಿಸಿ, ಪಾಸ್ ಕೊಡಲು ಹೋಗಿ ತಪ್ಪಿದವನನ್ನು ಮುಂದಿನ ಶಿಫ್ಟ್‌ಗೇ, ಅಂದರೆ ಮುಂದಿನ ಸರದಿಗೇ, ಮತ್ತೆ ಕಳಿಸಬೇಕು. ನೋಡದೆ ತೂರಿದವನನ್ನು ಒಂದು ಶಿಫ್ಟ್ ಪಕ್ಕದಲ್ಲಿ ಕೂರಿಸಿಕೊಂಡು ಏನು ಕಂಡೆ ಎಂದು ಕೇಳಬೇಕು. ಬೈಯಬಾರದು, ಕೇಳಬೇಕು. ಎರಡೂ ತಪ್ಪಿಗೆ ಒಂದೇ ಶಿಕ್ಷೆ ಕೊಟ್ಟರೆ ಹುಡುಗ ಅವೆರಡರ ವ್ಯತ್ಯಾಸವನ್ನು ಎಂದೂ ತಿಳಿಯುವುದಿಲ್ಲ. ನಿಮ್ಮ ಮಗನ ಕೋಚ್ ಜೊತೆ ಜಗಳಕ್ಕೆ ಹೋಗಬೇಡಿ. ಹನ್ನೆರಡರ ಹುಡುಗನಿಗೆ ರಿಂಕಿನ ಬಾಗಿಲಲ್ಲಿ ಅಪ್ಪ ವಾದಿಸುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಮನೆಯ ಗ್ಯಾರೇಜಿನಲ್ಲಿ ಗೋಡೆಗೆ ಚೆಂಡು ಹೊಡೆದು ಅದು ಮರಳಿ ಬರುವಷ್ಟರಲ್ಲಿ, ಅವನ ಬೆನ್ನ ಹಿಂದೆ ನಿಂತು ನೀವು ಎತ್ತಿದ ಬೆರಳು ಎಷ್ಟು ಎಂದು ತಿರುಗಿ ನೋಡಿ ಹೇಳುವಂತೆ ಮಾಡಿ. ಹತ್ತು ನಿಮಿಷ ಸಾಕು. ನಾನು ಕಲಿಸಿದವರಲ್ಲಿ ಇದರಿಂದ ಆದಷ್ಟು ಉಪಯೋಗ ಇನ್ನಾವ ದುಬಾರಿ ಶಿಬಿರದಿಂದಲೂ ಆಗಿಲ್ಲ.

ಇನ್ನೊಮ್ಮೆ ಡೆಟ್ರಾಯಿಟ್‌ನ ಪಂದ್ಯಕ್ಕೆ ಹೋದಾಗ ಆದಷ್ಟು ಮೇಲಿನ ಸಾಲಿನಲ್ಲಿ ಕೂರಿ, ಟಿಕೆಟ್ಟೂ ಅಗ್ಗ. ಪಕ್ ಮೂಲೆಗೆ ಬಿದ್ದಾಗ ಅಪ್ಪ ಮಗ ಇಬ್ಬರೂ ಪಕ್ ನೋಡಬೇಡಿ, ಅದರ ಹಿಂದೆ ಓಡುತ್ತಿರುವವನ ಕತ್ತನ್ನು ನೋಡಿ. ಪಕ್ ಮುಟ್ಟುವ ಮೊದಲು ಅದು ಎಷ್ಟು ಸಲ ತಿರುಗಿತು ಎಂದು ಎಣಿಸಿ. ಮೊದಲ ಅವಧಿಯಲ್ಲಿ ಎಷ್ಟಿತ್ತು, ದಣಿದ ಮೇಲೆ ಮೂರನೆಯ ಅವಧಿಯಲ್ಲಿ ಎಷ್ಟಾಯಿತು ಎಂದು ಮಗನಿಗೆ ಬರೆದಿಟ್ಟುಕೊಳ್ಳಲು ಹೇಳಿ.